ಪೀಣ್ಯದ ಪಾಸ್ಖ

ಬೆಂಗಳೂರಿನ ಕಾರ್ಖಾನೆಗಳ ಬಡಾವಣೆ ಪೀಣ್ಯದಲ್ಲಿ ವರ್ಷಕ್ಕೆ ಒಂದೇ ದೊಡ್ಡ ಹಬ್ಬ, ಅದು ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31. ಆಯುಧಪೂಜೆ ಇಲ್ಲವೇ ಎಂದರೆ ಇದೆ. ಅವತ್ತು ಲೇತಿಗೂ ಫೋರ್ಕ್‌ಲಿಫ್ಟಿಗೂ ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಮನೆಗೆ ಹೋಗುತ್ತೇವೆ. ಆದರೆ ಉಪವಾಸ, ಜಾಗರಣೆ, ಪಶ್ಚಾತ್ತಾಪ ಮೂರನ್ನೂ ಒಟ್ಟಿಗೆ, ನಿಷ್ಠೆಯಿಂದ ಆಚರಿಸುವುದು ಮಾರ್ಚ್ ಕೊನೆಯ ವಾರದಲ್ಲಿ ಮಾತ್ರ. ಊಟ ಬಿಟ್ಟು ಬಿಲ್ ಹಾಕುತ್ತೇವೆ, ನಿದ್ದೆ ಬಿಟ್ಟು ಮಾಲು ಕಳಿಸುತ್ತೇವೆ, ಇಡೀ ವರ್ಷ ನೋಡದೇ ಬಿಟ್ಟ ಸ್ಟಾಕ್ ರಿಜಿಸ್ಟರ್ ತೆರೆದು ಎದೆ ಬಡಿದುಕೊಳ್ಳುತ್ತೇವೆ.

2024ರಲ್ಲಿ ಈಸ್ಟರ್, ಅಂದರೆ ಯೇಸು ಸಾವಿನಿಂದ ಎದ್ದ ನೆನಪಿನ ನಮ್ಮ ಪಾಸ್ಖ ಹಬ್ಬ, ಸರಿಯಾಗಿ ಮಾರ್ಚ್ 31ಕ್ಕೇ ಬಂದು ಕೂತಿತು.

ನಾನು ಪೀಣ್ಯ ಎರಡನೇ ಹಂತದ ಒಂದು ಮೆಷಿನ್ ಶಾಪಿನಲ್ಲಿ ಲೆಕ್ಕಪತ್ರ, ಡಿಸ್‌ಪ್ಯಾಚು ಎರಡನ್ನೂ ನೋಡಿಕೊಳ್ಳುವವನು. ಹುಟ್ಟಿನಿಂದ ಕಥೋಲಿಕ, ಮನೆಮಾತು ಕನ್ನಡ, ಊರು ಕನಕಪುರದ ಕಡೆ. ಆ ವರ್ಷ ಆದಾಯ ತೆರಿಗೆಯ 43ಬಿ (ಎಚ್) ಎಂಬ ಹೊಸ ಕಲಮು ಪೀಣ್ಯದ ಗಲ್ಲಿಗಲ್ಲಿಯಲ್ಲೂ ಮಂತ್ರವಾಗಿತ್ತು. ಸಣ್ಣ ಕಾರ್ಖಾನೆಯಿಂದ ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸಲು ಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಹೀಗಾಗಿ ವರ್ಷಾನುಗಟ್ಟಲೆ ಫೋನೆತ್ತದವರು ತಾವಾಗಿ ಫೋನ್ ಮಾಡಿ ‘ನಿಮ್ಮದು ಎಷ್ಟು ಬಾಕಿ?’ ಎನ್ನತೊಡಗಿದ್ದರು. ಸರ್ಕಾರಿ ವ್ಯವಹಾರ ನಡೆಸುವ ಬ್ಯಾಂಕುಗಳು ಆ ಭಾನುವಾರವೂ ಬಾಗಿಲು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ‘ಈಸ್ಟರ್ ದಿನ ನಾನು ಬರೋದು ಕಷ್ಟ ಸಾರ್’ ಎಂದು ಓನರ್ ಹತ್ತಿರ ಹೇಗೆ ಹೇಳಲಿ? ರಿಸರ್ವ್ ಬ್ಯಾಂಕೇ ಬರುತ್ತಿದೆ.

ಆದರೂ ಹೇಳಿದೆ. ಅವರು ಒಳ್ಳೆಯವರು, ಕ್ಯಾಲೆಂಡರ್ ನೋಡಿದರು. ‘ಹೋದ ಸಲ ಏಪ್ರಿಲ್ 9ಕ್ಕೆ ಇತ್ತಲ್ರೀ? ಕ್ರಿಸ್ಮಸ್ ಒಂದೇ ತಾರೀಕಿಗೆ ಬರುತ್ತೆ, ಇದ್ಯಾಕೆ ಓಡಾಡುತ್ತೆ?’ ಎಂದರು. ಚಂದ್ರನ ಲೆಕ್ಕ ಹೇಳಿದೆ. ಕ್ರಿ.ಶ. 325ರಲ್ಲಿ ನೈಸಿಯಾ ಎಂಬಲ್ಲಿ ಸೇರಿದ ಮಹಾಸಭೆ, ಎಲ್ಲರೂ ಒಂದೇ ಭಾನುವಾರ ಈ ಹಬ್ಬ ಮಾಡಬೇಕೆಂದು ತೀರ್ಮಾನಿಸಿತು. ರೂಢಿಗೆ ಬಂದ ಲೆಕ್ಕ ಇಷ್ಟೇ: ಮಾರ್ಚ್ 21ಕ್ಕೋ ಅದರ ಆಚೆಗೋ ಬೀಳುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಓನರ್ ಮುಖ ಅರಳಿತು. ‘ಹುಣ್ಣಿಮೆ ನೋಡಿ ಹಬ್ಬ ಮಾಡ್ತೀರಾ! ಅಂದ್ರೆ ನಮ್ಮೋರೇ ಬಿಡಿ’ ಎಂದರು. ಬೆಂಗಳೂರಿನವರಿಗೆ ಇದು ತೀರ ಹೊಸದೂ ಅಲ್ಲ. 2022ರಲ್ಲಿ ಏಪ್ರಿಲ್ 16ರ ಶನಿವಾರ ಚೈತ್ರ ಹುಣ್ಣಿಮೆ; ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಲ್ಲಿಗೆ ಹೊತ್ತ ಕರಗ ಹೊರಟ ರಾತ್ರಿಯೇ ನಾವು ಚರ್ಚುಗಳಲ್ಲಿ ಮೊಂಬತ್ತಿ ಹಿಡಿದು ಪಾಸ್ಖ ಜಾಗರಣೆ ಮಾಡುತ್ತಿದ್ದೆವು. ಇಬ್ಬರ ತಲೆಯ ಮೇಲೂ ಒಂದೇ ಚಂದ್ರ. ಮಾರನೇ ದಿನ ಇಬ್ಬರ ಕಣ್ಣಲ್ಲೂ ಒಂದೇ ನಿದ್ದೆ.

ಓನರ್ ರಜೆ ಕೊಡಲಿಲ್ಲ. ‘ಪೂಜೆ ಮುಗಿಸ್ಕೊಂಡು ಬನ್ನಿ’ ಎಂದರು. ಅದೂ ನ್ಯಾಯವೇ.

ನಮ್ಮ ರಾಜ್ಯದಲ್ಲಿ 1963ರ ಒಂದು ಕಾಯಿದೆ ಇದೆ, ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ. ಗಣರಾಜ್ಯ, ಕಾರ್ಮಿಕರ ದಿನ, ಸ್ವಾತಂತ್ರ್ಯ, ಗಾಂಧಿ ಜಯಂತಿ, ರಾಜ್ಯೋತ್ಸವ ಬಿಟ್ಟು ಇನ್ನು ಐದು ಹಬ್ಬಕ್ಕೆ ರಜೆ. ಆ ಐದು ಯಾವುವು ಎಂದು ಡಿಸೆಂಬರಿನಲ್ಲಿ ನಮ್ಮ ಶಾಪಿನಲ್ಲಿ ನಡೆಯುವ ಚರ್ಚೆ ವಿಧಾನಸೌಧದಲ್ಲಿ ನಡೆಯುವುದಿಲ್ಲ. ಸಂಕ್ರಾಂತಿ, ಯುಗಾದಿ, ಗೌರಿಗಣೇಶ, ಆಯುಧಪೂಜೆ, ದೀಪಾವಳಿ ಎನ್ನುವಷ್ಟರಲ್ಲಿ ಬೆರಳು ಮುಗಿಯುತ್ತವೆ. ರಂಜಾನಿಗೆ ಒಬ್ಬರು ಕೈ ಎತ್ತುತ್ತಾರೆ, ಕ್ರಿಸ್ಮಸ್ಸಿಗೆ ನಾನು. ಹೊಂದಾಣಿಕೆಯಾಗುತ್ತದೆ. ಈಸ್ಟರ್ ಮಾತ್ರ ಈ ಯುದ್ಧಭೂಮಿಗೆ ಇಳಿದದ್ದೇ ಇಲ್ಲ. ಭಾನುವಾರ ಹುಟ್ಟಿದ ಹಬ್ಬ ಯಾರನ್ನೂ ಏನನ್ನೂ ಕೇಳುವುದಿಲ್ಲ.

ಅದಕ್ಕೇ ಇರಬೇಕು, ಅದು ಯಾರಿಗೂ ಗೊತ್ತಾಗುವುದೂ ಇಲ್ಲ. ಕ್ರಿಸ್ಮಸ್ಸಿಗೆ ಸೆಕ್ಯುರಿಟಿ ಗೇಟಿನ ಮೇಲೆ ನಕ್ಷತ್ರ ನೇತಾಡುತ್ತದೆ, ಟೂಲ್ಸ್ ಸಪ್ಲೈ ಮಾಡುವವರಿಂದ ಪ್ಲಮ್ ಕೇಕ್ ಬರುತ್ತದೆ. ಶುಭ ಶುಕ್ರವಾರದ ದಿನ ಶಾಪಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಜೊತೆ ‘ಹ್ಯಾಪಿ ಗುಡ್ ಫ್ರೈಡೇ ಸಾರ್’ ಬರುತ್ತದೆ. ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟದೆ ಶಿಲುಬೆ ಹಾದಿ ನಡೆದು ಬಂದವನು ಕೈ ಮುಗಿದ ಚಿಹ್ನೆ ಕಳಿಸಿ ಸುಮ್ಮನಾಗುತ್ತೇನೆ. ಪಾಪ, ಶುಭ ಕೋರಿದವನಿಗೆ ಸಾವಿನ ಸುದ್ದಿ ಹೇಳುವುದು ಹೇಗೆ? ತಮಾಷೆಯೆಂದರೆ ನಿಜವಾಗಿ ಸಂತೋಷಪಡಬೇಕಾದ ಭಾನುವಾರ ಗುಂಪಿನಲ್ಲಿ ‘ಗುಡ್ ಮಾರ್ನಿಂಗ್’ ಬಿಟ್ಟು ಬೇರೇನೂ ಇರುವುದಿಲ್ಲ. ಈಸ್ಟರ್ ಮೊಟ್ಟೆ ಬೇಕೆಂದರೆ ಫ್ರೇಜರ್ ಟೌನಿಗೇ ಹೋಗಬೇಕು. ಮಾಸ್ಕ್ ರೋಡಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯಲ್ಲಿ ರಂಜಾನಿಗೆ ಖೋವಾ ನಾನ್, ಈಸ್ಟರಿಗೆ ಮಾರ್ಜಿಪಾನಿನ ಮೊಟ್ಟೆ. ಪೀಣ್ಯದ ಬೇಕರಿಯಲ್ಲಿ ಈಸ್ಟರ್ ಮೊಟ್ಟೆ ಕೇಳಿದರೆ ಎಗ್ ಪಫ್ ಕೊಡುತ್ತಾರೆ.

ಆದರೆ ಬೇರೆಯವರನ್ನು ಅಂದು ಏನು ಪ್ರಯೋಜನ? ನಾವೇ ಹಾಗಲ್ಲವೇ? ನಮ್ಮೂರಿನ ಕಡೆ ಹಾರೋಬೆಲೆಯಲ್ಲಿ ಶುಭ ಶುಕ್ರವಾರ ‘ಮಹಿಮೆ’ ನಡೆಯುತ್ತದೆ. ಊರವರೇ ಯೇಸುಸ್ವಾಮಿಯೂ ಪಿಲಾತನೂ ರೋಮನ್ ಸೈನಿಕರೂ ಆಗಿ, ಪಾಡುಗಳ, ಅಂದರೆ ಯೇಸು ಪಟ್ಟ ಯಾತನೆಯ, ಕಥೆಯನ್ನು ಅಭಿನಯಿಸುವ, ನೂರು ವರ್ಷ ದಾಟಿದ ಆಟ ಅದು. ಜನ ಜಾತ್ರೆಯ ಹಾಗೆ ಸೇರುತ್ತಾರೆ. ಅಜ್ಜಿ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಳು. ಚಾವಟಿ ಏಟು ಬೀಳುವಾಗ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಏಟು ಹೊಡೆಯುವ ಸೈನಿಕ ಅವಳಿಗೆ ದೂರದ ಸಂಬಂಧಿಯೇ ಆದ್ದರಿಂದ, ಆಟ ಮುಗಿದ ಮೇಲೆ ಅವನನ್ನು ಹುಡುಕಿ ಎರಡು ಮಾತು ಬೈದೇ ಬರುತ್ತಿದ್ದಳು. ಶುಕ್ರವಾರ ಗಂಟೆ ಬಾರಿಸುವಂತಿಲ್ಲ, ಮರದ ಹಲಗೆ ಬಡಿದು ಜನ ಕರೆಯುತ್ತಿದ್ದರು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮನೆಯಲ್ಲಿ ಮಾಂಸವಿಲ್ಲ, ಊರಲ್ಲಿ ಮದುವೆಯಿಲ್ಲ. ಶುಕ್ರವಾರ ಚರ್ಚಿನ ಹೊರಗೂ ನಿಲ್ಲಲು ಜಾಗವಿಲ್ಲ. ಭಾನುವಾರ ಬೆಳಗ್ಗೆ ನೋಡಿದರೆ ಹಿಂದಿನ ಬೆಂಚುಗಳು ಖಾಲಿ. ಅರ್ಧ ಊರು ಕೋಳಿ ಹಿಡಿಯಲು ಹೋಗಿರುತ್ತಿತ್ತು. ಅಳುವುದು ನಮಗೆ ಚೆನ್ನಾಗಿ ಬರುತ್ತದೆ. ಸಾವನ್ನು ಎಲ್ಲರೂ ಕಂಡಿದ್ದೇವೆ, ಅದಕ್ಕೆ ಏನು ಮಾಡಬೇಕೆಂದು ಗೊತ್ತು: ಹೆಗಲು ಕೊಡುವುದು, ಮಣ್ಣು ಹಾಕುವುದು, ಕಾಫಿ ಕಾಯಿಸುವುದು. ಸತ್ತವರು ಎದ್ದರು ಎಂದರೆ ಕೈಕಾಲು ಎಲ್ಲಿಡಬೇಕೆಂದು ಯಾರಿಗೂ ತೋಚುವುದಿಲ್ಲ.

ಮೊದಲನೇ ಈಸ್ಟರ್ ದಿನವೂ ಹೀಗೇ ಆಯಿತು ಎಂದು ಅಜ್ಜಿಯ ವಾದ. ಅವಳಿಗೆ ಓದು ಬಾರದು, ಆದರೆ ಬೈಬಲಿನ ನಾಲ್ಕೂ ಶುಭಸಂದೇಶಗಳನ್ನು ಕಿವಿಯಿಂದ ಕುಡಿದು ತನ್ನದೊಂದು ಐದನೆಯದನ್ನು ಮಾಡಿಟ್ಟುಕೊಂಡಿದ್ದಳು. ‘ಗಂಡಸ್ರೆಲ್ಲ ಚಿಲಕ ಹಾಕ್ಕೊಂಡು ಒಳಗೆ ಕೂತ್ಬುಟ್ಟಿದ್ರು ಕಣ್ಲಾ. ಬೆಳಗಾಗೋಕ್ ಮುಂಚೆ ಹೆಣಕ್ಕೆ ಸುಗಂಧ ಹಚ್ಬೇಕು ಅಂತ ಹೊರಟೋರು ಹೆಂಗಸ್ರು. ಕಲ್ಲು ಯಾರು ಎತ್ತೋರು ಅನ್ನೋ ಚಿಂತೆ ಅವರಿಗೆ. ಹೋಗಿ ನೋಡಿದ್ರೆ ಖಾಲಿ. ಓಡ್ಬಂದು ಹೇಳಿದ್ರೆ ಈ ಪುಣ್ಯಾತ್ಮರು ನಂಬಿದ್ರಾ? ಹೆಂಗಸ್ರ ಮಾತು ಅಂದ್ಬುಟ್ರು!’ ಕೊನೆಯ ವಾಕ್ಯ ಹೇಳುವಾಗ ಅವಳು ತಾತನ ಕಡೆ ನೋಡುತ್ತಿದ್ದಳು. ಬೆಳೆದ ಮೇಲೆ ನಾನೇ ಓದಿದಾಗ ಅಜ್ಜಿ ಹೆಚ್ಚೇನೂ ಸೇರಿಸಿಲ್ಲ ಎಂದು ಗೊತ್ತಾಯಿತು. ಲೂಕನಲ್ಲಿ ಪ್ರೇಷಿತರು ಆ ಹೆಂಗಸರ ಮಾತನ್ನು ಹುಚ್ಚು ಹರಟೆ ಎಂದೇ ತಳ್ಳಿಹಾಕುತ್ತಾರೆ. ಮಾರ್ಕನ ಅತಿ ಹಳೆಯ ಪ್ರತಿಗಳು ಹೆಂಗಸರು ಹೆದರಿ ಯಾರಿಗೂ ಏನೂ ಹೇಳದೆ ಓಡಿದಲ್ಲಿಗೇ ನಿಂತುಬಿಡುತ್ತವೆ. ಯೊವಾನ್ನನಲ್ಲಿ ಮಗ್ದಲದ ಮರಿಯ ಎದುರಿಗೆ ನಿಂತವನನ್ನು ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಇನ್ನೊಂದು ವಿಚಿತ್ರ ಇದೆ: ನಾಲ್ವರಲ್ಲಿ ಒಬ್ಬನೂ ಯೇಸು ಏಳುವ ಆ ಗಳಿಗೆಯನ್ನು ವರ್ಣಿಸುವುದಿಲ್ಲ. ಪಾಡುಗಳನ್ನು ಗಂಟೆ ಗಂಟೆಗೂ ಬರೆದವರು, ಎದ್ದದ್ದನ್ನು ಮಾತ್ರ ಯಾರೂ ನೋಡಲಿಲ್ಲ ಎಂದು ಪ್ರಾಮಾಣಿಕವಾಗಿ ಬಿಟ್ಟುಬಿಟ್ಟಿದ್ದಾರೆ. ಹಾರೋಬೆಲೆಯ ಆಟದಲ್ಲಾದರೂ ಶಿಲುಬೆಗೆ ಒಬ್ಬ ನಟ ಸಿಗುತ್ತಾನೆ. ಖಾಲಿ ಸಮಾಧಿಯ ಪಾತ್ರ ಮಾಡುವವರು ಯಾರು?

2020ರಲ್ಲಿ ಈಸ್ಟರ್ ಏಪ್ರಿಲ್ 12ಕ್ಕಿತ್ತು. ಲಾಕ್‌ಡೌನು. ಚರ್ಚಿಗೆ ಬೀಗ, ಫ್ಯಾಕ್ಟರಿಗೆ ಬೀಗ, ಚಿಲಕ ಹಾಕಿಕೊಂಡು ಒಳಗೆ ಕೂತ ಗಂಡಸರಲ್ಲಿ ನಾನೂ ಒಬ್ಬ. ಜಾಗರಣೆಯ ಪೂಜೆಯನ್ನು ಫೋನಿನಲ್ಲಿ ನೋಡಿದೆವು. ಪ್ರೆಸ್ಸುಗಳ ದಡಬಡ ನಿಂತ ಪೀಣ್ಯದಲ್ಲಿ ಆವತ್ತು ಕೋಗಿಲೆ ಕೂಗಿದ್ದು ಕೇಳಿಸಿತು, ಮತ್ತು ಅದು ಯಾರಿಗೂ ಹಿತವಾಗಲಿಲ್ಲ.

ಜಾಗರಣೆಯ ಪೂಜೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದಕ್ಕಿಂತ ಚೆಂದದ ಪೂಜೆ ನಮ್ಮಲ್ಲಿಲ್ಲ. ಶನಿವಾರ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಕರೆಂಟ್ ತಾನಾಗಿ ಹೋಗುವ ಊರಿನಲ್ಲಿ ಬೇಕೆಂದೇ ಕತ್ತಲು ಮಾಡಿಕೊಳ್ಳುವುದಕ್ಕೆ ಒಂದು ಗತ್ತು ಬೇಕು. ಅಂಗಳದಲ್ಲಿ ಹೊಸ ಬೆಂಕಿ ಹಚ್ಚುತ್ತಾರೆ. ಫಾದರ್ ದೊಡ್ಡ ಪಾಸ್ಖ ಮೊಂಬತ್ತಿಯ ಮೇಲೆ ಶಿಲುಬೆ ಕೆತ್ತಿ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ ಬರೆದು, ಆ ವರ್ಷದ ನಾಲ್ಕು ಅಂಕಿಗಳನ್ನು ಒಂದೊಂದು ಮೂಲೆಗೆ ಹಾಕಿ, ಐದು ಗಾಯಗಳ ನೆನಪಿಗೆ ಐದು ಸಾಂಬ್ರಾಣಿ ಹರಳುಗಳನ್ನು ಚುಚ್ಚುತ್ತಾರೆ. 2, 0, 2, 4 ಎಂದು ಬರೆಯುವಾಗ ನನ್ನ ಗುಮಾಸ್ತ ಬುದ್ಧಿ ‘2023-24ರದ್ದೋ, 24-25ರದ್ದೋ?’ ಎಂದಿತು. ಆ ಒಂದು ಬತ್ತಿಯಿಂದ ಕೈಯಿಂದ ಕೈಗೆ ಬೆಂಕಿ ದಾಟಿ ಇಡೀ ಚರ್ಚು ಬೆಳಗುತ್ತದೆ. ಯಾರದೋ ಕೂದಲು ಸುಟ್ಟ ವಾಸನೆಯೂ ಪ್ರತಿವರ್ಷ ಬರುತ್ತದೆ. ಆಮೇಲೆ ಆ ಮೊಂಬತ್ತಿಯ ಎದುರು ಒಂದು ಉದ್ದದ ಪುರಾತನ ಸ್ತುತಿ ಹಾಡುತ್ತಾರೆ. ಮೇಣ ಕೊಟ್ಟ ಜೇನುಹುಳುಗಳಿಗೂ ಅದರಲ್ಲಿ ಸ್ಮರಣೆ ಇದೆ. ಕೂಲಿಯವರನ್ನು ಹೆಸರು ಹಿಡಿದು ನೆನೆಯುವ ಸ್ತುತಿಗಳು ಬಹಳ ಇಲ್ಲ. ಅದರಲ್ಲೇ, ಆದಾಮ ಮಾಡಿಟ್ಟ ಹಳೇ ಸಾಲವನ್ನು ಕ್ರಿಸ್ತ ತೀರಿಸಿದ ಎಂಬ ಅರ್ಥದ ಮಾತೂ ಬರುತ್ತದೆ. ಮಾರ್ಚ್ 30ರ ಮಧ್ಯರಾತ್ರಿ ಹತ್ತಿರ ಅದನ್ನು ಕೇಳಿ ನಾನು ಕಣ್ಣೊರೆಸಿಕೊಂಡೆ. ನಲವತ್ತೈದು ದಿನವಲ್ಲ, ಸೃಷ್ಟಿಯ ಆರಂಭದಿಂದ ನಿಂತಿದ್ದ ಬಾಕಿ! ಕೊಡಬೇಕಾಗಿದ್ದವನು ಕೊಡಲಿಲ್ಲ, ಬರಬೇಕಾಗಿದ್ದವನೇ ಕೊಟ್ಟು ಖಾತೆ ಮುಚ್ಚಿದ. ಯಾವ ಆಡಿಟರೂ ಇಂಥ ಎಂಟ್ರಿಯನ್ನು ಒಪ್ಪಲಾರ.

ನಮ್ಮ ಶಾಪಿನಲ್ಲಿ ಧರ್ಮಜಿಜ್ಞಾಸೆ ನಡೆಯುವುದು ಟೀ ಹೊತ್ತಿನಲ್ಲಿ. ಹಳೆಯ ಎಚ್‌ಎಂಟಿ ಲೇತುಗಳನ್ನು ತಂದು ರೀಕಂಡೀಷನ್ ಮಾಡುವ ಮೇಸ್ತ್ರಿ ಒಬ್ಬರು ಪಕ್ಕದ ಶೆಡ್ಡಿನವರು. ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಇಲ್ಲೇ ಜಾಲಹಳ್ಳಿಯಲ್ಲಿ. ಆ ಲೇತುಗಳಿಗೆ ಸಾವೆಂಬುದು ಗೊತ್ತಿಲ್ಲ. ಸ್ಕ್ರ್ಯಾಪಿಗೆ ಹೋದದ್ದನ್ನು ಮೇಸ್ತ್ರಿ ತರುತ್ತಾರೆ, ಬೆಡ್ ಗ್ರೈಂಡಿಂಗ್ ಮಾಡಿಸುತ್ತಾರೆ, ಬೇರಿಂಗ್ ಬದಲಾಯಿಸುತ್ತಾರೆ, ಏಟು ಬಿದ್ದು ಕಿತ್ತ ಕಡೆ ಪುಟ್ಟಿ ಮೆತ್ತಿ, ಎಮರಿ ಉಜ್ಜಿ, ಮೇಲೆ ಹಸಿರು ಪೇಂಟು. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ನಾನು ಈಸ್ಟರ್ ಎಂದರೆ ಏನೆಂದು ವಿವರಿಸಿದಾಗ ಅವರು, ‘ಗೊತ್ತಾಯ್ತು ಬಿಡಿ, ದೇವರು ಮಗನ್ನ ರೀಕಂಡೀಷನ್ ಮಾಡ್ದ’ ಎಂದರು.

ಟೀ ಮುಗಿಯುವವರೆಗೂ ಅದು ಸರಿ ಎಂದೇ ಅನ್ನಿಸಿತ್ತು. ಆಮೇಲೆ ತಲೆಗೆ ಹೊಳೆಯಿತು. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ತೂತು ಹಾಗೇ ಇತ್ತು, ಪಕ್ಕೆಯಲ್ಲಿ ಈಟಿಯ ಗಾಯ ಹಾಗೇ ಇತ್ತು. ಸಾವನ್ನೇ ಗೆದ್ದವನಿಗೆ ಆ ತೂತು ಮುಚ್ಚಿಕೊಳ್ಳುವುದೇನು ಕಷ್ಟ? ಪುಟ್ಟಿ ಹಾಕಲಿಲ್ಲ, ಪೇಂಟ್ ಹೊಡೆಯಲಿಲ್ಲ. ಗುರುತು ಹಿಡಿಯಿರಿ ಎಂದು ಗಾಯವನ್ನೇ ಮುಂದೆ ಹಿಡಿದ. ಮಾರನೇ ದಿನ ಮೇಸ್ತ್ರಿಗೆ ಇದನ್ನು ಹೇಳಿದೆ. ಯೋಚನೆ ಮಾಡಿ, ‘ಹಂಗ್ ಬಿಟ್ರೆ ರೇಟ್ ಬರಲ್ಲ ಸಾರ್’ ಎಂದರು.

ನಮ್ಮ ಕ್ವಾಲಿಟಿ ಸಾಹೇಬರು ಹುಬ್ಬಳ್ಳಿ ಕಡೆಯವರು. ತೋಮನ ಕಥೆ ಕೇಳಿ ಬಹಳ ಖುಷಿಪಟ್ಟರು. ಯೇಸು ಎದ್ದಿದ್ದಾನೆ ಎಂದು ಬೇರೆಯವರು ಎಷ್ಟು ಹೇಳಿದರೂ ನಂಬದೆ, ಗಾಯಕ್ಕೆ ಬೆರಳಿಟ್ಟು ನೋಡದೆ ಒಪ್ಪುವುದಿಲ್ಲ ಎಂದ ಶಿಷ್ಯ ತೋಮ. ಮದ್ರಾಸಿನ ಮೈಲಾಪುರದಲ್ಲಿ ತೀರಿಕೊಂಡ ಎಂದು ನಮ್ಮವರು ಪರಂಪರೆಯಿಂದ ನಂಬುವವನು ಅವನೇ. ಉಪದೇಶಗಳಲ್ಲಿ ಪಾಪದವನಿಗೆ ಯಾವಾಗಲೂ ಬೈಗುಳ. ಸಾಹೇಬರು ಮಾತ್ರ, ‘ಯಾಕ್ರೀ, ತಪ್ಪೇನೈತ್ರಿ? ಬರೋಬ್ಬರಿ ಮಾಡ್ಯಾನ. ಸಪ್ಲೈಯರ್ ಸರ್ಟಿಫಿಕೇಟ್ ಕೊಟ್ಟ ಅಂತ ಗೇಜ್ ಹಾಕದ ಮಾಲ್ ಒಳಗ ಬಿಡಾಕ್ ಬರಂಗಿಲ್ಲ’ ಎಂದು ತೋಮನ ಪರ ವಕಾಲತ್ತು ವಹಿಸಿದರು. ‘ನೋಡ್ದ ಮ್ಯಾಲೆ ರಿಜೆಕ್ಟ್ ಮಾಡಿದ್ನೇನು?’ ಇಲ್ಲ ಎಂದೆ. ‘ಮತ್ತ!’ ಎಂದರು. ಎಷ್ಟೋ ಪ್ರಸಂಗ ಕೇಳಿದ್ದೇನೆ, ತೋಮನಿಗೆ ಇಷ್ಟು ನ್ಯಾಯ ಸಿಕ್ಕಿದ್ದು ಕಂಡಿಲ್ಲ.

ನೈಟ್ ಶಿಫ್ಟಿನಲ್ಲಿ ಜಾರ್ಖಂಡದ ಗುಮ್ಲಾ ಜಿಲ್ಲೆಯ ಹುಡುಗನೊಬ್ಬ ಇದ್ದ, ಉರಾಂವ್ ಬುಡಕಟ್ಟಿನವನು, ಲುಥೆರನ್. ಜರ್ಮನಿಯ ಗೋಸ್ನರ್ ಮಿಷನಿನವರು 1845ರಲ್ಲಿ ರಾಂಚಿಗೆ ಬಂದು ಕಟ್ಟಿದ ಸಭೆ ಅವನದು. ಅವರ ಕಡೆ ಈಸ್ಟರ್ ಶುರುವಾಗುವುದು ಚರ್ಚಿನಲ್ಲಲ್ಲ, ಸ್ಮಶಾನದಲ್ಲಿ. ಮೊದಲೇ ಹೋಗಿ ಸಮಾಧಿಗಳ ಕಳೆ ಕಿತ್ತು ಸುಣ್ಣ ಹೊಡೆಯುತ್ತಾರೆ. ಭಾನುವಾರ ಇನ್ನೂ ಕತ್ತಲಿರುವಾಗ ಮನೆಮಂದಿಯೆಲ್ಲ ಹೂವು, ಮೊಂಬತ್ತಿ ಹಿಡಿದು ತಮ್ಮ ತಮ್ಮ ಸತ್ತವರ ಹತ್ತಿರ ನಿಂತು, ಸೂರ್ಯ ಹುಟ್ಟುವವರೆಗೆ ಹಾಡುತ್ತಾರೆ. ಮಾರ್ಚ್ ಮಧ್ಯದಲ್ಲೇ ಅವನು ನನ್ನನ್ನು ಕೇಳಿದ್ದ, ಇಲ್ಲಿ ನಿಮ್ಮ ಸ್ಮಶಾನ ಎಲ್ಲಿದೆ ಎಂದು. ದಾರಿ ಹೇಳಿದೆ. ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಅವನೇ ಯೋಚಿಸಿ ಹೇಳಿದ: ‘ಆದ್ರೆ ಸಾರ್, ಅಲ್ಲಿ ನಮ್ದು ಯಾರೂ ಇಲ್ಲ.’ ಪೀಣ್ಯಕ್ಕೆ ಬಂದವರಿಗೆಲ್ಲ ಇಲ್ಲಿ ಕೆಲಸ ಇದೆ, ರೂಮು ಇದೆ, ಪಿಎಫ್ ನಂಬರು ಇದೆ. ಬದುಕಿರುವವರನ್ನು ಮೆಟ್ರೋ ಹತ್ತಿಸಿ ಕಳಿಸಬಹುದು, ಕರೆಸಿಕೊಳ್ಳಬಹುದು. ಸತ್ತವರು ಮಾತ್ರ ಊರಲ್ಲೇ ಉಳಿದಿರುತ್ತಾರೆ. ನನ್ನ ಅಜ್ಜಿಯೂ ಅಲ್ಲೇ, ಸಂಗಮದ ರಸ್ತೆಯ ಕಡೆ ಒಂದು ಹುಣಸೆ ಮರದ ಕೆಳಗೆ.

ಆ ಭಾನುವಾರ ಅವನು ರಾತ್ರಿ ಪಾಳಿಯಲ್ಲಿ ಇದ್ದ. ನಸುಕಿಗೆ ಅವನ ತಾಯಿ ಗುಮ್ಲಾದಿಂದ ವೀಡಿಯೊ ಕಾಲ್ ಮಾಡಿ, ಅಪ್ಪನ ಸಮಾಧಿಯ ಮೇಲೆ ಉರಿಯುವ ಮೊಂಬತ್ತಿ ತೋರಿಸಿದಳಂತೆ. ಕಂಪ್ರೆಸರ್ ಸದ್ದಿಗೆ ಹಾಡು ಕೇಳಿಸಲಿಲ್ಲವೆಂದು ಅದರ ಸ್ವಿಚ್ ಆರಿಸಿದ. ಗಾಳಿಯ ಒತ್ತಡ ಇಳಿದು ಎರಡು ಸಿಎನ್‌ಸಿ ಮೆಷಿನುಗಳು ಅಲಾರಂ ಹೊಡೆದು ನಿಂತವು. ನಾನು ಹೋದಾಗ ಸೂಪರ್‌ವೈಸರ್ ರಿಜಿಸ್ಟರಿನಲ್ಲಿ ಕಾರಣ ಬರೆಯಲು ಪೆನ್ನು ಹಿಡಿದು ಕೂತಿದ್ದ. ‘ಏನಂತ ಬರೀಲಿ ಸಾರ್?’ ಎಂದ. ‘ಏರ್ ಪ್ರೆಷರ್ ಲೋ’ ಎಂದು ಬರೆಯಲು ಹೇಳಿದೆ. ಸುಳ್ಳಲ್ಲವಲ್ಲ.

ನಾನು ಹೆಂಡತಿ ಕಟ್ಟಿಕೊಟ್ಟ ಕ್ಯಾರಿಯರ್ ತಂದಿದ್ದೆ. ಮೂರು ಡಬ್ಬಿ: ನಾಟಿಕೋಳಿ ಸಾರು, ಮುದ್ದೆ, ಮೇಲಿನದರಲ್ಲಿ ಈರುಳ್ಳಿ ನಿಂಬೆಹಣ್ಣು. ನಲವತ್ತು ದಿನದ ಮೇಲಿನ ಕೋಳಿ ಸಾರಿನ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಪುನರುತ್ಥಾನದ ಅರ್ಧ ಅರ್ಥ ತಾನಾಗಿ ತಿಳಿಯುತ್ತದೆ. ರಾತ್ರಿ ಪಾಳಿಯವರು ಕೈ ತೊಳೆದು ಬಂದು ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೆ ಕೂತರು. ಗುಮ್ಲಾ ಹುಡುಗನ ಕಣ್ಣು ಕೆಂಪಗಿತ್ತು, ನಿದ್ದೆಗೋ ಮತ್ತೆ ಯಾವುದಕ್ಕೋ ನಾನು ಕೇಳಲಿಲ್ಲ. ಕ್ವಾಲಿಟಿ ಸಾಹೇಬರು ಮಾಂಸ ಮುಟ್ಟುವವರಲ್ಲ. ಅವರಿಗೆ ತುಮಕೂರು ರಸ್ತೆಯ ತಳ್ಳುಗಾಡಿಯಿಂದ ತಟ್ಟೆ ಇಡ್ಲಿ ತರಿಸಿದೆ.

ತಿನ್ನುವಾಗ ಅವರಿಗೆ ನನ್ನ ಮೆಚ್ಚಿನ ಕಥೆ ಹೇಳಿದೆ. ಎದ್ದ ಮೇಲೆ ಯೇಸು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ತನ್ನನ್ನು ಶಿಲುಬೆಗೆ ಕಳಿಸಿದ ಪಿಲಾತನ ಅರಮನೆಗೆ ಹೋಗಿ ‘ಏನಪ್ಪಾ, ನೋಡ್ದ್ಯಾ?’ ಎನ್ನಬಹುದಿತ್ತು, ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ. ಅವನು ಹೋದದ್ದು ಒಂದು ಸರೋವರದ ದಂಡೆಗೆ. ಏಳು ಜನ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಹಿಡಿಯದೆ ವಾಪಸ್ಸು ಬರುತ್ತಿದ್ದರು. ರಾತ್ರಿ ಪಾಳಿ, ಪ್ರೊಡಕ್ಷನ್ ಸೊನ್ನೆ. ದಂಡೆಯಲ್ಲಿ ಇವನು ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದ. ಬಲಗಡೆ ಬಲೆ ಬೀಸಲು ಹೇಳಿದ, ತುಂಬಿತು. ಬನ್ನಿ, ತಿಂಡಿ ತಿನ್ನಿ ಎಂದು ಕರೆದ. ಆ ಏಳು ಜನರಲ್ಲಿ ಪೇತ್ರನೂ ಇದ್ದ. ಕೆಲವೇ ದಿನದ ಹಿಂದೆ ಇಂಥದೇ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ, ಅವನ್ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ್ದವನು. ಅವನಿಗೆ ಮೆಮೋ ಕೊಡಲಿಲ್ಲ, ವಿಚಾರಣೆ ಇಡಲಿಲ್ಲ. ಮೊದಲು ತಿಂಡಿ ಕೊಟ್ಟ. ಆಮೇಲೆ, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಮೂರು ಸಲ ಕೇಳಿ, ಇದೆ ಎಂದದ್ದಕ್ಕೆ ಕೆಲಸ ವಾಪಸ್ ಕೊಟ್ಟ.

‘ಎಷ್ಟ್ ಮೀನ್ ಬಿದ್ದೂವು?’ ಎಂದರು ಸಾಹೇಬರು. ಅವರಿಗೆ ಅಂಕಿ ಬೇಕು.

‘153’ ಎಂದೆ. ‘ಅಷ್ಟಿದ್ರೂ ಬಲೆ ಹರೀಲಿಲ್ಲ ಅಂತಾನೂ ಬರ್ದಿದಾರೆ.’

ಇಡ್ಲಿ ಕೈಯಲ್ಲೇ ನಿಂತಿತು. ‘ಸತ್ತಾಂವ ಎದ್ದ್ ಬಂದು ಎದುರಿಗೆ ಕುಂತಾನ, ಅಂಥಾದ್ರಾಗ ಮೀನ್ ಎಣಿಸ್ಯಾರ? ಪ್ಯಾಕಿಂಗ್ ಡ್ಯಾಮೇಜ್ ಇಲ್ಲ ಅಂತ ಷರಾ ಬ್ಯಾರೆ? ಯಾರ್ರೀ ಅಂವ?’

‘ಗೊತ್ತಿಲ್ಲ ಸಾರ್. ಡಿಸ್‌ಪ್ಯಾಚಿನೋನು ಇರ್ಬೇಕು.’

ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರ್ ಹಾಕುವುದು ಬಾಕಿ ಇತ್ತು. ಬಲಗೈ ಸಾರಿನಲ್ಲಿ ಅದ್ದಿದ್ದರಿಂದ ಎಡಗೈಯ ಒಂದೇ ಬೆರಳಲ್ಲಿ ನಂಬರ್ ಒತ್ತಿದೆ. ಸಾಹೇಬರು ಪಕ್ಕದಲ್ಲಿ ನಿಂತು ಎರಡು ಸಲ ತಾಳೆ ನೋಡಿದರು.